ಆಟಿಸಂ ಇರುವ ಮಗುವಿಗೆ ಹಾಲು, ಗೋಧಿ ಬಿಡಿಸುವ ಮುನ್ನ

ಗೋಧಿಯ ಗ್ಲುಟೆನ್, ಹಾಲಿನ ಕೇಸೀನ್ ಬಿಡಿಸಿದರೆ ಆಟಿಸಂ ಇರುವ ಮಗು ಸುಧಾರಿಸುತ್ತದೆ ಎಂಬ ಮಾತು ನಮ್ಮ ಮನೆಗಳಲ್ಲೂ ಕೇಳಿಬರುತ್ತಿದೆ. ಈವರೆಗಿನ ಅಧ್ಯಯನಗಳು ಇದನ್ನು ದೃಢಪಡಿಸಿಲ್ಲ. ಹಾಲಿನ ಅಲರ್ಜಿ ಅಥವಾ ಸೀಲಿಯಾಕ್ ಕಾಯಿಲೆ ಇದ್ದರೆ ವಿಷಯ ಬೇರೆ. ಸೀಲಿಯಾಕ್ ರಕ್ತಪರೀಕ್ಷೆಯನ್ನು ಮಗು ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಬಿಡಿಸಿದ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು.

ಜೈನ ಕುಟುಂಬಗಳು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಮಾಂಸ, ಮೊಟ್ಟೆ ನಮ್ಮಲ್ಲಿಲ್ಲ. ಹೀಗಾಗಿ ಬಿ12 ಜೀವಸತ್ವ ಮಗುವಿಗೆ ಸಿಗುವುದು ಬಹುಮಟ್ಟಿಗೆ ಹಾಲು-ಮೊಸರಿನಿಂದಲೇ. ಅದನ್ನೂ ನಿಲ್ಲಿಸಿದರೆ ವೈದ್ಯರ ಸಲಹೆಯಂತೆ ಬಿ12 ಔಷಧ ಕೊಡಬೇಕಾಗುತ್ತದೆ. ಸೊಪ್ಪು, ಕಾಳು ಎಷ್ಟು ತಿನ್ನಿಸಿದರೂ ಆ ಕೊರತೆ ತುಂಬದು. ಕ್ಯಾಲ್ಸಿಯಂಗೆ ನಮ್ಮ ರಾಗಿ ಇದೆ: 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಹೆಚ್ಚು. ಅಕ್ಕಿ, ಜೋಳ, ಬೇಳೆಗಳಲ್ಲಿ ಗ್ಲುಟೆನ್ ಇಲ್ಲ. ಆದರೆ ಅಂಗಡಿಯ ಇಂಗಿನಲ್ಲಿ ಅನೇಕ ವೇಳೆ ಗೋಧಿ ಹಿಟ್ಟು ಬೆರೆತಿರುತ್ತದೆ. ಬೆಳ್ಳುಳ್ಳಿ ಬಳಸದ ಅಡುಗೆಯಲ್ಲಿ ಇಂಗಿಲ್ಲದ ಒಗ್ಗರಣೆ ಎಲ್ಲಿದೆ! ಡಬ್ಬಿಯ ಮೇಲಿನ ಪಟ್ಟಿ ಓದಿ.

ಇಂಥ ಮಕ್ಕಳಲ್ಲಿ ಹಲವರು ಕೆಲವೇ ತಿನಿಸುಗಳನ್ನು ಒಪ್ಪುತ್ತಾರೆ. ಮೊಸರನ್ನವೇ ಮಗುವಿನ ಮುಖ್ಯ ಊಟವಾಗಿದ್ದರೆ ಒಮ್ಮೆಲೇ ಕಸಿಯಬೇಡಿ. ಮಕ್ಕಳ ವೈದ್ಯರು, ಆಹಾರತಜ್ಞರೊಂದಿಗೆ ಮಾತನಾಡಿ, ಗಡುವು ಹಾಕಿಕೊಂಡು, ಒಂದು ಸಲಕ್ಕೆ ಒಂದನ್ನೇ ಬಿಡಿಸಿ. ತೂಕ, ನಿದ್ರೆ, ಹೊಟ್ಟೆಯ ಸ್ಥಿತಿ ಬರೆದಿಡಿ. ಅದೇ ಹೊತ್ತಿಗೆ ಹೊಸ ಚಿಕಿತ್ಸೆ ಶುರು ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ವ್ಯತ್ಯಾಸ ಕಾಣದಿದ್ದರೆ ಹಳೆಯ ಊಟಕ್ಕೆ ಮರಳಿ. ಮಾತಿನ ತರಬೇತಿಯನ್ನು ಮಾತ್ರ ಪಥ್ಯದ ನೆಪದಲ್ಲಿ ನಿಲ್ಲಿಸಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಸೌಲಭ್ಯವಿದೆ.