ನಾಯಿಯ ಅಂಗಾಲು ಒಡೆದರೆ



ಬ್ಯಾಸಿಗಿ ಬಂತಂದರೆ ಮನಗೂಳಿ, ಬಸವನ ಬಾಗೇವಾಡಿ ಕಡೆಯ ಎರಿ ಭೂಮಿ ಬಾಯಿ ಬಿಡುತ್ತದೆ. ಅದೇ ಹೊತ್ತಿಗೆ ನಮ್ಮ ಹಿಮ್ಮಡಿಯೂ ಒಡೆಯುತ್ತದೆ, ಹೊಲ ಕಾಯುವ ನಾಯಿಯ ಅಂಗಾಲೂ ಒಡೆಯುತ್ತದೆ. ಎತ್ತಿಗೆ ಲಾಳ ಕಟ್ಟಿಸುತ್ತೇವೆ, ನಮಗೆ ಚಪ್ಪಲಿ ಇವೆ. ನಾಯಿ ಮಾತ್ರ ಕಾದ ಹೆಂಟೆ, ಜೋಳದ ಕೂಳೆ, ಡಾಂಬರು ರಸ್ತೆ ಎಲ್ಲವನ್ನೂ ಬರಿಗಾಲಲ್ಲೇ ತುಳಿಯಬೇಕು. ಪಕ್ಕದ ಮುಧೋಳದ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂದು ದೇಶಕ್ಕೆಲ್ಲ ಹೆಸರಾಯಿತು. ಆದರೂ ಅದರ ಅಂಗಾಲೇನು ಕಬ್ಬಿಣದ್ದಲ್ಲ.

ಅಂಗಾಲಿನ ಮೆತ್ತೆ ಅಂದರೆ ದಪ್ಪ ಚರ್ಮ, ಅದರ ಒಳಗೆ ಕೊಬ್ಬು. ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರು ಬರುವುದಿಲ್ಲ, ಬೆವರುವುದು ಹೆಚ್ಚಾಗಿ ಈ ಅಂಗಾಲಿನಲ್ಲೇ. ಚರ್ಮ ಒಣಗಿ ಬಿರಿದರೆ ಅದರಲ್ಲಿ ಮಣ್ಣು, ಮುಳ್ಳು ಸೇರಿ ಕೀವಾಗುತ್ತದೆ.

ಉಪಚಾರ ಸಂಜೆ ತಂಪಿನಾಗ ಮಾಡ್ರಿ. ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ತೊಳೆದು, ಬೆರಳ ಸಂದಿನಲ್ಲಿ ಜಾಲಿಮುಳ್ಳು, ನೆಗ್ಗಿಲಮುಳ್ಳು ಇದ್ದರೆ ಚಿಮಟಿಗೆಯಿಂದ ತೆಗೆದು, ಒಣ ಅರಿವೆಯಿಂದ ಚೆನ್ನಾಗಿ ಒರೆಸಬೇಕು. ಬಳಿಕ ಕೊಬ್ಬರಿ ಎಣ್ಣೆಯನ್ನಾಗಲಿ ವ್ಯಾಸಲೀನನ್ನಾಗಲಿ ತೆಳ್ಳಗೆ ತಿಕ್ಕಿ. ಹಚ್ಚಿದ ಕೂಡಲೇ ನಾಯಿ ನೆಕ್ಕುತ್ತದೆ. ಅದಕ್ಕೇ ಹತ್ತು ಹದಿನೈದು ನಿಮಿಷ ಒಂದು ರೊಟ್ಟಿ ತುಣುಕು ತೋರಿಸಿ ಹತ್ತಿರ ಕೂಡಿಸಿಕೊಳ್ಳಿ. ದಿನಕ್ಕೆ ಎರಡು ಸಲದಂತೆ ಒಂದು ವಾರ ಮಾಡಿದರೆ ಸಣ್ಣ ಬಿರುಕು ಮೆತ್ತಗಾಗುತ್ತದೆ. ಎದ್ದ ಸಿಪ್ಪೆಯನ್ನು ಕಿತ್ತಬೇಡ್ರಿ, ಬ್ಲೇಡಿನಿಂದ ಹೆರೆಯಬೇಡ್ರಿ.

ನಮ್ಮ ಕಡೆ ಸೀಮೆಎಣ್ಣೆ, ಫಿನಾಯಿಲು, ಟ್ರ್ಯಾಕ್ಟರಿನ ಕರಿ ಎಣ್ಣೆ ಹಚ್ಚುವವರು ಇದ್ದಾರೆ. ಇವು ಚರ್ಮ ಸುಡುತ್ತವೆ, ನೆಕ್ಕಿದರೆ ಹೊಟ್ಟೆಗೆ ವಿಷ. ಹೊಲಕ್ಕೆ ಸಿಂಪಡಿಸುವ ಔಷಧಿಯನ್ನಂತೂ ಹತ್ತಿರ ತರಬೇಡ್ರಿ.

ಮಧ್ಯಾಹ್ನ ರಸ್ತೆಯ ಮೇಲೆ ಅಂಗೈಯ ಹಿಂಬದಿ ಇಟ್ಟು ನೋಡ್ರಿ. ಏಳು ಎಣಿಸುವತನಕ ತಾಳಲಾಗದಿದ್ದರೆ ನಾಯಿಯನ್ನೂ ನಡೆಸಬಾರದು. ಗೊಬ್ಬರ ಎರಚಿದ ದಿನ ಅದರ ಕಾಲು ತೊಳೆಯಿರಿ.

ಊಟದ ಮಾತೂ ಇದರಲ್ಲಿದೆ. ಬರೀ ರೊಟ್ಟಿ, ಮಜ್ಜಿಗೆ ಉಂಡು ಬೆಳೆದ ನಾಯಿಗೆ ಸತುವಿನ ಅಂಶ ಸಾಲದೆ ಅಂಗಾಲು, ಬಾಯಿಯ ಸುತ್ತ ಹಕ್ಕಳೆಗಟ್ಟುವುದುಂಟು, ಏಕೆಂದರೆ ಕಾಳಿನಲ್ಲಿರುವ ಒಂದು ವಸ್ತು ಸತುವು ಮೈಗೆ ಹತ್ತದಂತೆ ತಡೆಯುತ್ತದೆ. ಮೊಟ್ಟೆಯನ್ನೋ ಮಾಂಸವನ್ನೋ ಆಗಾಗ ಹಾಕಿ. ಉಳಿದ ಝುಣಕ ಮಾತ್ರ ಬೇಡ, ಉಳ್ಳಾಗಡ್ಡಿ ನಾಯಿಯ ರಕ್ತಕ್ಕೆ ಕೆಟ್ಟದ್ದು.

ಎಲ್ಲ ಬಿರುಕೂ ಎಣ್ಣೆಗೆ ವಾಸಿಯಾಗುವುದಿಲ್ಲ. ಅಂಗಾಲು, ಮೂಗು ಎರಡೂ ಹಲಗೆಯಂತೆ ಗಟ್ಟಿಯಾಗಿ, ಜೊತೆಗೆ ಜ್ವರ, ಕಣ್ಣು ಮೂಗಿನಲ್ಲಿ ಸೋರಿಕೆ, ಮೈ ನಡುಕ ಕಂಡರೆ ಅದು ಡಿಸ್ಟೆಂಪರ್ ರೋಗ ಇರಬಹುದು. ಅದು ಬೇರೆ ನಾಯಿಗಳಿಗೂ ಹಬ್ಬಿ ಕೊಲ್ಲುತ್ತದೆ, ಬರದಂತೆ ಮರಿಯಿದ್ದಾಗಲೇ ಲಸಿಕೆ ಹಾಕಿಸಬೇಕು. ಇಂಥ ನಾಯಿಯನ್ನು ಬೇರೆ ಕಟ್ಟಿ ಅಂದೇ ದನದ ದವಾಖಾನೆಗೆ ತಿಳಿಸಿ. ರಕ್ತ, ಕೀವು, ಬಾವು, ಕುಂಟು ಇದ್ದರೂ ಹಾಗೆಯೇ.

ನೋವಿನ ಕಾಲು ಮುಟ್ಟಿದರೆ ಸಾಕಿದ ನಾಯಿಯೂ ಕಚ್ಚೀತು. ಮುಳ್ಳು ತೆಗೆಯುವಷ್ಟು ಹೊತ್ತು ಬಾಯಿಗೆ ಮೆತ್ತನೆಯ ಅರಿವೆ ಸುತ್ತಿ, ಕೂಡಲೇ ಬಿಚ್ಚಿರಿ. ಮಕ್ಕಳ ಕೈಗೆ ಈ ಕೆಲಸ ಕೊಡಬೇಡ್ರಿ. ಹಲ್ಲು ತಾಗಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಸರಕಾರಿ ದವಾಖಾನೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಿ. ಗಾಯಕ್ಕೆ ಸುಣ್ಣ, ಖಾರ ತುಂಬಬೇಡ್ರಿ.