ಸೂಜಿಯ ಮುಯ್ಯಿ: ಒಂದು ಕೌದಿಗೆ ಎಷ್ಟು ಆಳು?

ಅಡಿಕೆಗೆ ಮೊದಲ ಸುತ್ತಿನ ಬೋರ್ಡೋ ದ್ರಾವಣ ಹೊಡೆದು, ಕಾಫಿ ತೋಟದ ಚರಂಡಿ ಬಿಡಿಸಿ ಮುಗಿಯುವ ಹೊತ್ತಿಗೆ ಮಳೆ ಹಿಡಿದುಕೊಳ್ಳುತ್ತದೆ. ಆರಿದ್ರಾ ಮಳೆಯಿಂದ ಮಘೆ ಮಳೆಯವರೆಗೆ ಮಲೆನಾಡಿನ ಬೆಳೆಗಾರರ ಮನೆಗಳಲ್ಲಿ ಮಧ್ಯಾಹ್ನಗಳು ದೀರ್ಘವಾಗಿರುತ್ತವೆ. ಮನೆಯ ಹೆಂಗಸರು ಸೂಜಿ, ನೂಲು, ಕ್ರೋಶಾ ಕಡ್ಡಿಗಳನ್ನು ಹೊರತೆಗೆಯುವ ಕಾಲವೂ ಇದೇ. ಕೊಳೆರೋಗ, ಗೊಬ್ಬರ, ಧಾರಣೆಗಳ ವಿಚಾರಕ್ಕೆ ಮೀಸಲಾದ ಈ ಪುಟಗಳಲ್ಲಿ ಹೊಲಿಗೆ ಕಸೂತಿಗೆ ಏನು ಕೆಲಸವೆಂದು ಕೆಲವು ಸದಸ್ಯರು ಕೇಳಬಹುದು. ಇದೂ ನಮ್ಮ ಹಿಡುವಳಿಯ ದುಡಿಮೆಯೇ. ತೋಟದ ಪ್ರತಿಯೊಂದು ಆಳಿಗೂ ಲೆಕ್ಕ ಇಡುವ ನಾವು ಈ ದುಡಿಮೆಗೆ ಮಾತ್ರ ಲೆಕ್ಕ ಇಟ್ಟಿಲ್ಲ. ಆ ಕೊರತೆಯನ್ನು ತುಂಬಿಕೊಳ್ಳುವ ಒಂದು ದಾರಿಯನ್ನು ಸದಸ್ಯ ಬಂಧುಗಳ, ವಿಶೇಷವಾಗಿ ಸೋದರಿಯರ ಮುಂದಿಡುವುದು ಈ ಲೇಖನದ ಉದ್ದೇಶ.

ಮುಯ್ಯಾಳಿನ ಪದ್ಧತಿ

ಮುಯ್ಯಾಳು ಎಂದರೇನೆಂದು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ. ಇಂದು ನಮ್ಮ ಮನೆಯಿಂದ ಇಬ್ಬರು ನಿಮ್ಮ ಗದ್ದೆಗೆ ಬಂದರೆ, ನಾಳೆ ನಿಮ್ಮ ಮನೆಯಿಂದ ಇಬ್ಬರು ನಮ್ಮಲ್ಲಿಗೆ ಬರಬೇಕು. ಹಣ ಕೈಬದಲಾಗುವುದಿಲ್ಲ, ಆದರೆ ಲೆಕ್ಕ ತಪ್ಪುವುದಿಲ್ಲ. ಸುಲಿಯುವ ಯಂತ್ರಗಳು ಬರುವ ಮೊದಲು ಅಡಿಕೆ ಸುಲಿತವೂ ಹೀಗೆಯೇ ನಡೆಯುತ್ತಿತ್ತು. ರಾತ್ರಿ ಊಟ ಮುಗಿಸಿ ನೆರೆಮನೆಯವರು ಒಂದೆಡೆ ಸೇರಿ, ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯಲು ಕೂರುತ್ತಿದ್ದರು. ಇಂದು ಈ ಮನೆ, ನಾಳೆ ಆ ಮನೆ. ಸುಲಿದ ಅಡಿಕೆಗೆ ಅಳತೆ ಇತ್ತು, ಬಂದವರ ಹೆಸರು ಎಲ್ಲರ ನೆನಪಿನಲ್ಲಿತ್ತು.

ಕೈಹೊಲಿಗೆಯ ವಸ್ತುಗಳೂ ನಮ್ಮ ಮನೆಗಳಿಂದ ಮನೆಗಳಿಗೆ ಓಡಾಡುತ್ತವೆ. ಬಾಣಂತಿಯ ಮನೆಗೆ ಕೂಸಿನ ಕೌದಿ, ಮದುವೆ ಮನೆಗೆ ಕ್ರೋಶಾ ತೋರಣ, ನಾದಿನಿಗೆ ಕಸೂತಿ ಹಾಕಿದ ಕುಪ್ಪಸದ ಕಣ. ಆದರೆ ಇದು ಮುಯ್ಯಿ ಎನಿಸಿಕೊಳ್ಳುವುದಿಲ್ಲ. ಕೈ ಚೆನ್ನಾಗಿರುವ ಒಬ್ಬರೇ ಕೊಡುತ್ತಾ ಹೋಗುತ್ತಾರೆ, ಉಳಿದವರು "ಎಷ್ಟು ಚೆಂದ" ಎಂದು ಪಡೆಯುತ್ತಾ ಹೋಗುತ್ತಾರೆ. ಕೆಲವು ವರ್ಷಗಳಲ್ಲಿ ಕೊಡುವವರ ಕೈ ಸೋಲುತ್ತದೆ. ಅವರ ಸೊಸೆಗೆ ಅದನ್ನು ಕಲಿಯುವ ಉತ್ಸಾಹ ಬರುವುದಿಲ್ಲ. ಪೇಟೆಯಿಂದ ಪಾಲಿಯೆಸ್ಟರ್ ರಗ್ಗು ಬರುತ್ತದೆ. ಕಲೆ ಅಳಿಯುತ್ತಿದೆ ಎಂದು ಆಮೇಲೆ ಮರುಗುವುದರಿಂದ ಫಲವಿಲ್ಲ.

ಸಿದ್ದಿ ಹೆಂಗಸರ ಕೌದಿ

ಕೈಹೊಲಿಗೆ ಎಷ್ಟು ದೊಡ್ಡ ವಿದ್ಯೆಯೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಉತ್ತರ ಕನ್ನಡದ ಅಡಿಕೆ ಸೀಮೆಯಲ್ಲೇ, ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನರಿದ್ದಾರೆ. ಇವರ ಹಿರಿಯರು ಆಫ್ರಿಕದಿಂದ ಬಂದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರನ್ನಾಗಿ ತಂದಿದ್ದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ನಮ್ಮ ಅಡಿಕೆ ತೋಟಗಳಲ್ಲಿ ದುಡಿಯುವವರಲ್ಲಿ ಇವರೂ ಸೇರಿದ್ದಾರೆ.

ಸಿದ್ದಿ ಹೆಂಗಸರ ಕೌದಿಗೆ ಮೊದಲೇ ಬರೆದ ನಕ್ಷೆ ಇರುವುದಿಲ್ಲ. ಅಡಿಗೆ ಹಳೆಯ ಸೀರೆ. ಅದರ ಮೇಲೆ ಒಂದು ಮೂಲೆಯಿಂದ ತುಂಡುಬಟ್ಟೆಗಳನ್ನು ಜೋಡಿಸುತ್ತಾ ಹೋಗುತ್ತಾರೆ. ಅಂಚನ್ನು ಸುತ್ತಿ ಬಂದು, ಸುತ್ತು ಸುತ್ತಾಗಿ ಒಳಗೆ ಸಾಗಿ, ಕೊನೆಗೆ ನಡುವಿಗೆ ಬಂದು ಮುಗಿಸುತ್ತಾರೆ. ತುಂಡಿನ ಅಂಚು ಮಡಚುವುದೂ ಪದರಗಳನ್ನು ಹಿಡಿದು ಹೊಲಿಯುವುದೂ ಒಟ್ಟೊಟ್ಟಿಗೆ ನಡೆಯುವುದರಿಂದ ಮೇಲ್ಮೈಯಲ್ಲಿ ದಪ್ಪ ನೂಲಿನ ಸಾಲುಗಳು ಉತ್ತ ಗದ್ದೆಯಂತೆ ಕಾಣುತ್ತವೆ. ನಾಲ್ಕು ಮೂಲೆಗಳಿಗೆ ಬಣ್ಣದ ಬಟ್ಟೆಯನ್ನು ಮಡಚಿ ಮಾಡಿದ 'ಹೂ'ಗಳನ್ನು ಹೊಲಿಯುವ ರೂಢಿಯಿದೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬರಿಮೈಯ ಕೌದಿ. ಕ್ರೈಸ್ತ ಸಿದ್ದಿಗಳ ಕೆಲವು ಕೌದಿಗಳಲ್ಲಿ ಶಿಲುಬೆಯನ್ನೂ ಮುಸ್ಲಿಂ ಸಿದ್ದಿಗಳ ಕೆಲವು ಕೌದಿಗಳಲ್ಲಿ ಅರ್ಧಚಂದ್ರವನ್ನೂ ಕಾಣಬಹುದು.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂಯಲ್ ಅವರು 2000ರ ದಶಕದಲ್ಲಿ ಈ ಕೌದಿಗಳನ್ನು ಅಭ್ಯಾಸ ಮಾಡಿದರು. ಸಿದ್ದಿ ಹೆಂಗಸರದೇ ಒಂದು ಕೌದಿ ಸಹಕಾರ ಕೂಟ ರೂಪುಗೊಳ್ಳಲು ಅವರು ನೆರವಾದರು. ಅಲ್ಲಿಂದೀಚೆಗೆ ಈ ಕೌದಿಗಳು ಅಮೆರಿಕದ ಸಂಗ್ರಹಾಲಯಗಳ ಗೋಡೆ ಏರಿವೆ. ನಮ್ಮ ನೆರೆಯ ಊರಿನ ಹಳೆ ಬಟ್ಟೆಯ ಹೊದಿಕೆಗೆ ಸಾಗರದಾಚೆ ಬೆಲೆ ಬಂತು. ಅದಕ್ಕೆ ನಾವು ಕಟ್ಟಿದ ಬೆಲೆ ಎಷ್ಟೆಂದು ಕೇಳಿಕೊಳ್ಳುವುದು ಒಳ್ಳೆಯದು.

ಕೌದಿಯ ಲೆಕ್ಕ

ತೋಟದ ಲೆಕ್ಕ ನಮಗೆ ಆಳಿನಲ್ಲಿ ಅರ್ಥವಾಗುತ್ತದೆ. ಕೌದಿಯನ್ನೂ ಹಾಗೆಯೇ ಲೆಕ್ಕ ಹಾಕಿ ನೋಡೋಣ.

ಸುಮಾರು 18 ಅಡಿ ಉದ್ದದ ಹಳೆಯ ಹತ್ತಿ ಸೀರೆಯನ್ನು ಮೂರು ಮಡಿಕೆ ಮಾಡಿದರೆ 6 ಅಡಿ ಉದ್ದ, ಮೂರೂವರೆ ಅಡಿಗೂ ತುಸು ಹೆಚ್ಚು ಅಗಲದ ಮೂರು ಪದರ ಸಿಗುತ್ತದೆ. ಒಬ್ಬರು ಹೊದೆಯಲು ಇದು ಸಾಕು. ಬೆಚ್ಚಗಿರಬೇಕಾದರೆ ನಡುವೆ ಇನ್ನೊಂದು ಸೀರೆಯನ್ನು ಮಡಚಿ ಇಡಬಹುದು. ಅಗಲವನ್ನು 42 ಅಂಗುಲವೆಂದು ಹಿಡಿದು, ಅರ್ಧ ಅಂಗುಲಕ್ಕೊಂದು ಸಾಲು ಹೊಲಿದರೆ 84 ಸಾಲು. ಒಂದೊಂದು ಸಾಲು 6 ಅಡಿ. ಒಟ್ಟು 504 ಅಡಿ ಹೊಲಿಗೆ. ಅಂಗುಲಕ್ಕೆ ನಾಲ್ಕೇ ಟಾಕಿ ಎಂದರೂ 24,192 ಟಾಕಿಗಳಾದವು.

ಕೈ ಪಳಗಿದವರು ಗಂಟೆಗೆ 12 ಅಡಿ ಸಾಗುತ್ತಾರೆ ಎಂದಿಟ್ಟುಕೊಳ್ಳೋಣ. ಆಗ 42 ಗಂಟೆ ಬೇಕು. ಎಂಟು ಗಂಟೆಗೆ ಒಂದು ಆಳಿನಂತೆ ಐದೂಕಾಲು ಆಳು. ಇದು ಬರಿಯ ಸಾಲುಹೊಲಿಗೆಗೆ. ತುಂಡು ಕತ್ತರಿಸಿ ಜೋಡಿಸುವುದು, ಅಂಚು ಕಟ್ಟುವುದು, ಮೂಲೆಯ ಹೂ ಇವೆಲ್ಲ ಬೇರೆ. ನಿಮ್ಮೂರಿನ ಇಂದಿನ ದಿನಗೂಲಿಯಿಂದ ಈ ಐದೂಕಾಲನ್ನು ಗುಣಿಸಿ ನೋಡಿ. ಮಗಳ ಬಾಣಂತನಕ್ಕೆಂದು ಅಜ್ಜಿ ಸುಮ್ಮನೆ ಕೊಟ್ಟ ಕೌದಿಯ ಕೂಲಿ ಎಷ್ಟೆಂದು ತಿಳಿಯುತ್ತದೆ. ಪ್ರೀತಿಗೆ ಬೆಲೆ ಕಟ್ಟಬೇಕೆಂದು ನಾವು ಹೇಳುತ್ತಿಲ್ಲ. ಅಜ್ಜಿಯ ಹೊತ್ತಿಗೆ ಬೆಲೆಯೇ ಇಲ್ಲವೆಂದು ತಿಳಿಯಬಾರದು, ಅಷ್ಟೆ.

ಕಸೂತಿ ಮತ್ತು ಕ್ರೋಶಾ

ಮುಯ್ಯಿಗೆ ಕೌದಿಯೊಂದೇ ಅಲ್ಲ, ಬೇರೆ ಕೆಲಸಗಳೂ ಒದಗುತ್ತವೆ. ಧಾರವಾಡ ಸೀಮೆಯ ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ: ಗವಂತಿ, ಮುರ್ಗಿ, ನೇಗಿ ಮತ್ತು ಮೆಂತಿ. ಬಟ್ಟೆಯ ಎಳೆ ಎಣಿಸಿ ಹಾಕುವ ಈ ಕೆಲಸದಲ್ಲಿ ನೂಲಿಗೆ ಗಂಟು ಹಾಕುವುದಿಲ್ಲ. ಗವಂತಿಯಲ್ಲೂ ಮುರ್ಗಿಯಲ್ಲೂ ಹೋದ ದಾರಿಯಲ್ಲೇ ಮರಳಿ ಬಂದು ತೆರಪು ತುಂಬುವುದರಿಂದ ಬಟ್ಟೆಯ ಎರಡೂ ಮೈ ಒಂದೇ ಬಗೆ ಕಾಣುತ್ತವೆ. ನೇಗಿ ನೇಯ್ದಂತೆ ಕಾಣುವ ಹೊಲಿಗೆ, ಮೆಂತಿ ಅಡ್ಡಡ್ಡ ಹಾಕುವ ಹೊಲಿಗೆ. ಗೋಪುರ, ತೇರು, ಆನೆ, ತುಳಸಿಕಟ್ಟೆ ಇವು ಹಳೆಯ ಚಿತ್ತಾರಗಳು. ಕಲಿಯುವವರು ಎಳೆ ಸುಲಭವಾಗಿ ಎಣಿಸಬರುವ ದಪ್ಪ ನೇಯ್ಗೆಯ ಬಟ್ಟೆಯಲ್ಲಿ ಗವಂತಿಯಿಂದ ಆರಂಭಿಸುವುದು ಲೇಸು.

ಕ್ರೋಶಾ ಕೆಲಸಕ್ಕೆ ಒಂದು ಕಡ್ಡಿ, ಒಂದು ಉಂಡೆ ನೂಲು ಇದ್ದರಾಯಿತು. ಬಸ್ಸಿನಲ್ಲೂ ಆಸ್ಪತ್ರೆಯ ಬೆಂಚಿನಲ್ಲೂ ಮಾಡಬಹುದು. ಕೂಡಿ ಮಾಡಲು ಇದರಷ್ಟು ಅನುಕೂಲವಾದುದಿಲ್ಲ. ಹನ್ನೆರಡು ಸೋದರಿಯರು ಸೇರಿ, ಒಬ್ಬೊಬ್ಬರೂ 10 ಅಂಗುಲದ ಹನ್ನೆರಡು ಚೌಕಗಳನ್ನು ತಮ್ಮ ತಮ್ಮ ಮಾದರಿಯಲ್ಲಿ ಹೆಣೆಯಲಿ. ಒಂದನ್ನು ತಾವಿಟ್ಟುಕೊಂಡು ಉಳಿದವನ್ನು ಹಂಚಲಿ. ಪ್ರತಿಯೊಬ್ಬರಿಗೂ ಹನ್ನೆರಡು ಬೇರೆ ಬೇರೆ ಚೌಕ ಬರುತ್ತದೆ. ಮೂರು ನಾಲ್ಕಾಗಿ ಜೋಡಿಸಿದರೆ 30 ಅಂಗುಲ ಅಗಲ, 40 ಅಂಗುಲ ಉದ್ದದ ಕೂಸಿನ ಹೊದಿಕೆ. ಒಬ್ಬೊಬ್ಬರ ಕೈಬಿಗಿ ಒಂದೊಂದು ರೀತಿ ಇರುವುದರಿಂದ ಎಲ್ಲರೂ ಒಂದೇ ನಂಬರಿನ ನೂಲು, ಒಂದೇ ನಂಬರಿನ ಕಡ್ಡಿ ಹಿಡಿದು, ಮೊದಲು ಒಂದು ಚೌಕ ಹೆಣೆದು ಒಗೆದು ಅಳೆದು ನೋಡಬೇಕು. ಇಲ್ಲವಾದರೆ ಜೋಡಿಸುವ ದಿನ ಒಂದು ಎಳೆದು ಇನ್ನೊಂದು ಸುಕ್ಕಾಗುತ್ತದೆ.

ಮುಯ್ಯಿಯ ಕಟ್ಟಳೆಗಳು

ಊರಿನಲ್ಲಿ ಆರೋ ಎಂಟೋ ಮನೆಗಳು ಸೇರಿ ಈ ಮಳೆಗಾಲದಲ್ಲೇ ಆರಂಭಿಸಬಹುದು. ಜಗಳಕ್ಕೆ ಎಡೆಯಾಗದಂತೆ ಈ ಕೆಲವು ಕಟ್ಟಳೆಗಳನ್ನು ಸೂಚಿಸುತ್ತೇವೆ.

1. ವಸ್ತುವಿಗೆ ವಸ್ತು ಎಂದು ಎಣಿಸಬಾರದು, ಆಳಿಗೆ ಆಳು ಎಂದು ಎಣಿಸಬೇಕು. ಒಂದು ಕೌದಿಗೆ ಒಂದು ಕೈವಸ್ತ್ರ ಬಂದರೆ ಕೊಟ್ಟವರಿಗೆ ನೋವು, ಪಡೆದವರಿಗೆ ಮುಜುಗರ.

2. ಕೆಲಸದ ದರವನ್ನು ಮೊದಲೇ ಗೊತ್ತುಮಾಡಬೇಕು. ನಾಲ್ಕು ಜನ ಒಂದು ಗಂಟೆ ಹೊಲಿದು, ಸರಾಸರಿ ಎಷ್ಟು ಅಡಿ ಆಯಿತೆಂದು ಬರೆದಿಟ್ಟುಕೊಳ್ಳಿ. ಆ ಮೇಲೆ ಗಡಿಯಾರ ನೋಡದೆ ಅಡಿಯ ಲೆಕ್ಕದಲ್ಲಿ ನಡೆಯಲಿ. ಕೈ ನಿಧಾನವೆಂಬ ಕಾರಣಕ್ಕೆ ಲೆಕ್ಕ ಹೆಚ್ಚಬಾರದು, ಚುರುಕೆಂಬ ಕಾರಣಕ್ಕೆ ಕುಗ್ಗಲೂಬಾರದು.

3. ಹೊಸ ನೂಲು, ಹೊಸ ಬಟ್ಟೆಯ ಖರ್ಚನ್ನು ಬೇಡಿದವರು ಕೊಡಬೇಕು. ಅದನ್ನು ಆಳಿನ ಲೆಕ್ಕದೊಡನೆ ಬೆರೆಸಬಾರದು.

4. ಬಣ್ಣ ಬಿಡುವ ಬಟ್ಟೆಯನ್ನು ಸೇರಿಸಬಾರದು. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿದರೆ ತಿಳಿಯುತ್ತದೆ. ಹೊಸ ಹತ್ತಿ ಬಟ್ಟೆಯನ್ನು ಒಗೆದು ಒಣಗಿಸಿದ ಮೇಲೆಯೇ ಕತ್ತರಿಸಬೇಕು.

5. ಕೊಟ್ಟದ್ದು, ಬಂದದ್ದು ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯಬೇಕು. ಕಾಫಿ ಕೊಯ್ಲು, ಅಡಿಕೆ ಕೊಯ್ಲು ಆರಂಭವಾಗುವ ಮೊದಲು, ದೀಪಾವಳಿಯ ಹೊತ್ತಿಗೆ ಬಾಕಿ ತೀರಬೇಕು.

ಒಂದು ಉದಾಹರಣೆ ನೋಡಿ. ಒಂದು ಮನೆಯವರು ಐದೂಕಾಲು ಆಳಿನ ಕೌದಿ ಹೊಲಿದುಕೊಟ್ಟರು. ಪಡೆದವರ ಮನೆಯಿಂದ ಮೂರು ಆಳಿನ ಕಸೂತಿ, ಎರಡು ಆಳಿನ ಕ್ರೋಶಾ ತೋರಣ ಹೋಯಿತು. ಉಳಿದ ಕಾಲು ಆಳು ಎಂದರೆ ಎರಡು ಗಂಟೆ. ಹೊಲಿಗೆ ಯಂತ್ರ ಇರುವವರಿಗೆ ಅದು ತಲೆದಿಂಬಿನ ಚೀಲಗಳನ್ನು ಹೊಲಿಯುವ ಹೊತ್ತು. ಹೊಲಿಗೆಯೇ ಬಾರದ ಮನೆಯವರು ಆ ಬಾಕಿಯನ್ನು ತೋಟದ ಕೆಲಸದಿಂದ ತೀರಿಸಿದರೂ ಲೆಕ್ಕ ಸರಿಯೇ. ಆಳು ಆಳೇ ಅಲ್ಲವೆ?

ಹಳೆ ಸೀರೆ ಕೂಲಿಯಲ್ಲ

ಇನ್ನೊಂದು ಮಾತನ್ನು ಬಿಡಿಸಿ ಹೇಳಬೇಕು. ತೋಟದ ಕೆಲಸಕ್ಕೆ ಬರುವ ಹೆಂಗಸರಲ್ಲಿ ಕೌದಿ ಹೊಲಿಯಬಲ್ಲವರು ಇರುತ್ತಾರೆ. ಉತ್ತರ ಕರ್ನಾಟಕದ ಕಡೆ ಕೌದಿ ಹೊಲಿಯುವುದನ್ನೇ ಕಸುಬಾಗಿಸಿಕೊಂಡು, ಮನೆಮನೆಗೆ ಬಂದು ಹೊಲಿದುಕೊಡುವ ಹೆಂಗಸರೂ ಇದ್ದಾರೆ. ಇಂಥವರಿಗೆ ಎರಡು ಸೀರೆ ಕೊಟ್ಟು, ಒಂದರಲ್ಲಿ ನಮಗೆ ಕೌದಿ ಹೊಲಿಸಿಕೊಂಡು, ಇನ್ನೊಂದನ್ನು ಅವರೇ ಇಟ್ಟುಕೊಳ್ಳಲೆಂದು ಹೇಳಿ ಕೈತೊಳೆದುಕೊಂಡರೆ ಅದು ಮುಯ್ಯಿಯಲ್ಲ. ಉಟ್ಟು ಬಿಟ್ಟ ಸೀರೆಗೂ 24 ಸಾವಿರ ಟಾಕಿಗಳಿಗೂ ಸಮ ಎಲ್ಲಿಯದು? ಮುಯ್ಯಿ ನಡೆಯುವುದು ಸಮಾನರ ನಡುವೆ, ಎರಡೂ ಕಡೆಯವರು ಬೇಡವೆನ್ನಬಲ್ಲ ಜಾಗದಲ್ಲಿ. ಕೆಲಸದವರಿಂದ ಹೊಲಿಸಿಕೊಂಡರೆ ಆಳಿನ ಲೆಕ್ಕದಲ್ಲಿ ಹಣವನ್ನೇ ಕೊಡಬೇಕು. ಅದರಲ್ಲಿ ಯಾವ ರಿಯಾಯಿತಿಯೂ ಸಲ್ಲದು.

ಇಂಥ ನ್ಯಾಯ ದೊರೆತ ಕಡೆ ಕಲೆ ಉಳಿದಿದೆ. ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಲಂಬಾಣಿ ಹೆಂಗಸರು ತಮ್ಮ ಉಡುಪಿಗೆ ಹಾಕುತ್ತಿದ್ದ ಕನ್ನಡಿ, ಕವಡೆ, ಬಣ್ಣದ ನೂಲಿನ ಕೆಲಸವನ್ನು ಸಂಡೂರು ಕುಶಲ ಕಲಾ ಕೇಂದ್ರದ ಮೂಲಕ ಕೂಲಿಯ ಕೆಲಸವನ್ನಾಗಿಯೂ ಮಾಡಿಕೊಂಡರು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20ರ ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ ಕೈಕೆಲಸದ 1,755 ವಸ್ತುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಕೈಗೆ ಕೂಲಿ ಬಂದುದರಿಂದಲೇ ಅಲ್ಲಿ ಮಕ್ಕಳೂ ಸೂಜಿ ಹಿಡಿದರೆಂಬುದು ನಮ್ಮ ಅಭಿಪ್ರಾಯ.

ಕೊನೆಗೊಂದು ಸೂಚನೆ. ಮಳೆಗಾಲದಲ್ಲಿ ಹೊಲಿದ ಕೌದಿಯನ್ನು ಥಂಡಿ ಆರದೆ ಮಡಚಿಡಬಾರದು, ಬೂಸಲು ಹಿಡಿಯುತ್ತದೆ. ಬಚ್ಚಲೊಲೆಯ ಬಿಸಿ ತಾಗುವ ಕಡೆ, ಹೊಗೆ ಮುಟ್ಟದಂತೆ ಹರಡಿ, ಬಿಸಿಲು ಬಿದ್ದ ದಿನ ಅಂಗಳದಲ್ಲಿ ಒಣಗಿಸಿ. ದೊಡ್ಡ ಒಗೆತವನ್ನು ಅಡಿಕೆ ಒಣಗಿ ಅಂಗಳ ತೆರವಾದ ಮೇಲೆ ಬೇಸಿಗೆಗೆ ಇಟ್ಟುಕೊಳ್ಳಿ.

ನಿಮ್ಮ ತೋಟದ ಖರ್ಚಿನ ಪುಸ್ತಕದಲ್ಲಿ ಗೊಬ್ಬರಕ್ಕೆ ಪುಟವಿದೆ, ಮದ್ದಿಗೆ ಪುಟವಿದೆ, ಕೊನೆಗಾರನಿಗೆ ಪುಟವಿದೆ. ಈ ಸಾಲಿನಿಂದ ಸೂಜಿಯ ಕೆಲಸಕ್ಕೂ ಒಂದು ಪುಟ ಬಿಡಿ. ತೋಟದ ಯಜಮಾನರು ಬರೆಯುವುದು ಬೇಡ, ಹೊಲಿದವರೇ ಬರೆಯಲಿ. ವರ್ಷದ ಕೊನೆಗೆ ಮನೆಯವರೆಲ್ಲ ಕುಳಿತು ಆ ಪುಟವನ್ನು ಕೂಡಿ ನೋಡಿ.