ಯಾರ ಪೈಕಿ?

ಸಿದ್ದಾಪುರದಿಂದ ಶಿರಸಿಗೆ ಹೊರಟ ಬೆಳಗಿನ ಬಸ್ಸು. ಮಾರ್ಗಶಿರದ ಚಳಿ. ಕಿಟಕಿಯ ಗಾಜಿಗೆ ಹೊರಗಿನಿಂದ ಇಬ್ಬನಿ, ಒಳಗಿನಿಂದ ಉಸಿರು. ಅಂಗೈಯಿಂದ ಒರೆಸಿ ನೋಡಿದರೆ ಕೆಳಗೆ ತೋಟಗಳು, ತೋಟದ ತಲೆಯ ಮೇಲೆ ಅಲುಗದೆ ನಿಂತ ಮಂಜು. ಕೊನೆ ಕೊಯ್ಲು ಶುರುವಾಗಿದೆ. ರಸ್ತೆಯಂಚಿನ ಅಂಗಳಗಳಲ್ಲಿ ಹಸಿ ಅಡಕೆಯ ರಾಶಿ, ಬೇಯಿಸುವ ಒಲೆಯ ಹೊಗೆ.

ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿ, ಪಕ್ಕದಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡ ಹುಡುಗ. ಇಪ್ಪತ್ತು ದಾಟಿರಲಾರದು. ಅಜ್ಜಿ ಅವನ ಮೊಣಕೈ ಮುಟ್ಟಿದಳು.

‘ಯಾವೂರಾತು ತಮಾ?’

ಅವನು ವೈರು ತೆಗೆದು ಊರು ಹೇಳಿದ.

‘ಯಾರ ಪೈಕಿ?’

ಅಪ್ಪನ ಹೆಸರು ಹೇಳಿದ. ಅಜ್ಜಿ ಕಣ್ಣು ಮುಚ್ಚಿ ಎಲ್ಲೋ ಹುಡುಕಿದಳು. ಕಾನಸೂರು ಬರುವುದರೊಳಗೆ ಆ ಹುಡುಗನ ಅಜ್ಜಿಯ ತವರುಮನೆ, ಆ ಮನೆಯ ಹಳೆಯ ಪಾಲುಪಟ್ಟಿ, ದೊಡ್ಡಪ್ಪನ ಮಗಳನ್ನು ಎಲ್ಲಿಗೆ ಕೊಟ್ಟದ್ದು ಎಲ್ಲವೂ ಅವಳ ಕೈಗೆ ಸಿಕ್ಕಿತ್ತು. ಖುಷಿಯಿಂದ ಚೀಲದಿಂದ ಬಾಳೆಹಣ್ಣು ತೆಗೆದು ಕೊಟ್ಟಳು. ಹುಡುಗ ನಕ್ಕು ತಿಂದ. ಆಮೇಲೆ ಶಿರಸಿ ಬರುವವರೆಗೂ ಅವನು ವೈರನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಸೀಮೆಯಲ್ಲಿ ಹುಟ್ಟಿದವರಿಗೆ ಈ ಪ್ರಶ್ನೆಯ ಬೆಚ್ಚಗಿನ ರುಚಿ ಗೊತ್ತು. ಆಸ್ಪತ್ರೆಯಲ್ಲಿ, ವಖಾರಿಯಲ್ಲಿ, ಊಟದ ಪಂಕ್ತಿಯಲ್ಲಿ ಯಾರೂ ಅಪರಿಚಿತರಾಗಿ ಉಳಿಯುವುದಿಲ್ಲ. ಜ್ವರ ಬಂದು ಮಲಗಿದರೆ ಮೂರು ಮನೆಯಿಂದ ತಂಬಳಿ ಬರುತ್ತದೆ. ಆದರೆ ಎದೆಯಲ್ಲಿ ಹೇಳಲಾಗದ್ದನ್ನು ಇಟ್ಟುಕೊಂಡವರಿಗೆ ಇದೇ ಪ್ರಶ್ನೆ ಬೇರೆ ಥರ ಕೇಳಿಸುತ್ತದೆ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ತಿಳಿಸಿದವನು ನನ್ನ ಸೋದರಳಿಯ. ಅವನ ಊರು ಕೇರಿ ಇಲ್ಲಿ ಬೇಡ.

ಅಡಕೆ ಸುಲಿಯುವ ರಾತ್ರಿ ಅದು. ಅಂಗಳದ ದೀಪದ ಕೆಳಗೆ ಹತ್ತು ಹನ್ನೆರಡು ಮಂದಿ ಮೆಟ್ಟುಗತ್ತಿಯ ಮೇಲೆ ಕೂತಿದ್ದರು. ಸಿಪ್ಪೆ ಸಿಗಿಯುವ ಸದ್ದು, ಮಧ್ಯೆ ಕವಳ, ಯಾವುದೋ ಆಟದಲ್ಲಿ ಯಾವ ಭಾಗವತರು ಹೇಗೆ ಹಾಡಿದರೆಂಬ ವಾದ. ಮಾತು ಹೊರಳಿ ಹೊರಳಿ ಎಂದಿನಂತೆ ಮದುವೆಗೆ ಬಂತು. ತೋಟ ನೋಡಿಕೊಂಡು ಊರಲ್ಲಿ ಉಳಿದ ಹುಡುಗರಿಗೆ ಹೆಣ್ಣು ಸಿಗದಿರುವುದು ಇಲ್ಲಿ ಮನೆಮನೆಯ ಸಂಕಟ. ‘ಮಾಣಿಗೆ ಇನ್ನೂ ಕೂಸು ಸಿಕ್ಕಿದ್ದಿಲ್ಲೆ’ ಎಂದು ನನ್ನ ಅಣ್ಣ ನಿಟ್ಟುಸಿರಿಟ್ಟ. ಎಲ್ಲರೂ ಹೌದೆಂದರು. ಅಳಿಯ ತಲೆ ಬಗ್ಗಿಸಿ ಸುಲಿಯುತ್ತಲೇ ಇದ್ದ. ಎಲ್ಲರೂ ಎದ್ದು ಹೋದ ಮೇಲೆ ಸಿಪ್ಪೆ ಗುಡಿಸುತ್ತ ನನ್ನ ಹತ್ತಿರ ಬಂದು ಹೇಳಿದ:

‘ಅತ್ತೆ, ಕೂಸು ಸಿಕ್ತಿಲ್ಲೆ ಹೇಳಿ ಅಲ್ಲ. ಯಂಗೆ ಕೂಸು ಬ್ಯಾಡ.’

ನಾನು ಅವನ ಮುಖ ನೋಡಿದೆ. ಅರ್ಥವಾಗಿತ್ತು. ಆದರೂ ನನ್ನ ಬಾಯಿಂದ ಬಂದದ್ದು ‘ಎಲ್ಲಾ ಸರಿಯಾಗ್ತು ಬಿಡು’ ಎಂಬ ಮಾತು. ಅವನು ಇನ್ನೇನೂ ಹೇಳದೆ ಹಾಳೆಯ ತುಂಬ ಸಿಪ್ಪೆ ತುಂಬಿಕೊಂಡು ಹಿತ್ತಿಲಿಗೆ ನಡೆದ. ಅಂದು ನಾನು ಹೇಳಿದ ಆ ಮಾತಿನ ಪಶ್ಚಾತ್ತಾಪ ನನಗೆ ಇಂದಿಗೂ ಇದೆ. ಅವನಲ್ಲಿ ಸರಿಯಾಗಬೇಕಾದ್ದು ಏನೂ ಇರಲಿಲ್ಲ.

ಹೆಣ್ಣಿನ ಕೊರತೆ ನಮ್ಮ ಹುಡುಗರಿಗೆ ಒಂದು ಮರೆಯನ್ನೂ ಕೊಟ್ಟಿದೆ. ನಲವತ್ತಾದರೂ ಮದುವೆಯಾಗದೆ ಉಳಿದವನನ್ನು ಇಲ್ಲಿ ಯಾರೂ ಅನುಮಾನದಿಂದ ನೋಡುವುದಿಲ್ಲ, ಕನಿಕರಿಸುತ್ತಾರೆ. ಆ ಕನಿಕರದ ಹಿಂದೆ ಒಬ್ಬ ಇಡೀ ಆಯುಷ್ಯ ಕಳೆಯಬಹುದು. ಆದರೆ ಹೆಣ್ಣುಮಗಳಿಗೆ ಆ ಮರೆಯೂ ಇಲ್ಲ. ಕೊರತೆ ಇರುವುದರಿಂದಲೇ ಅವಳ ಮನೆಗೆ ಜಾತಕಗಳು ಬರುತ್ತಲೇ ಇರುತ್ತವೆ. ಗೆಳತಿಯ ಜೊತೆ ಒಂದೇ ಚಾಪೆಯಲ್ಲಿ ಮಲಗಿದರೆ, ಒಂದೇ ಛತ್ರಿಯಲ್ಲಿ ಬಸ್‌ಸ್ಟ್ಯಾಂಡಿಗೆ ಬಂದರೆ ಯಾರೂ ಏನೂ ಅನ್ನರು. ‘ಬೇಡ’ ಎಂದ ದಿನ ಮಾತ್ರ ಮನೆ ಪೂರ್ತಿ ಎದ್ದು ಕೂರುತ್ತದೆ.

ಅಳಿಯ ಆಮೇಲೆ ಮಾಡಿದ್ದನ್ನು ಅವನ ಬಾಯಿಂದಲೇ ಕೇಳಿದೆ. ಮೊದಲು ವಸುಧೇಂದ್ರರ ‘ಮೋಹನಸ್ವಾಮಿ’ ಓದಿದ. ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡ ಲೇಖಕನ ಆ ಕಥೆಗಳು ಪುಸ್ತಕವಾಗಿ ಬಂದದ್ದು 2013ರಲ್ಲಿ. ತನ್ನ ಭಾಷೆಯಲ್ಲಿ ತನ್ನಂಥವನೊಬ್ಬ ಇದ್ದಾನೆಂದು ಗೊತ್ತಾದ ರಾತ್ರಿ ನಿದ್ದೆ ಬರಲಿಲ್ಲವಂತೆ. ಮುಂದೆ ಯಾರಿಗಾದರೂ ಫೋನು ಮಾಡಬೇಕೆನ್ನಿಸಿತು. 14416 ಎಂಬ ಟೆಲಿಮಾನಸ್ ಸಂಖ್ಯೆ ಕೇಂದ್ರ ಸರ್ಕಾರದ್ದು, ಅಕ್ಟೋಬರ್ 2022ರಲ್ಲಿ ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಆದರೆ ಮಾತಾಡುವುದು ಎಲ್ಲಿಂದ? ಮನೆಯ ವೈಫೈ ಜಗುಲಿಯಲ್ಲಿದೆ, ಜಗುಲಿಯಲ್ಲಿ ಅಪ್ಪ ಇದ್ದಾನೆ. ಸಿಗ್ನಲ್ ಸಿಗುವ ಇನ್ನೊಂದು ಜಾಗ ಸೊಪ್ಪಿನ ಬೆಟ್ಟದ ನೆತ್ತಿ. ಅಲ್ಲಿ ಹತ್ತಿ ಬಹಳ ಹೊತ್ತು ನಿಂತವನನ್ನು ಕೇರಿಗೆ ಕೇರಿಯೇ ನೋಡುತ್ತದೆ. ಕೊನೆಗೊಂದು ಸಂಜೆ ಹತ್ತಿದ. ಆ ಕಡೆಯಿಂದ ‘ಹೇಳಿ ಸರ್’ ಎಂದರಂತೆ, ಬಹಳ ಮರ್ಯಾದೆಯಿಂದ. ‘ಪೇಟೆಯ ಕನ್ನಡದಲ್ಲಿ ಯಂಗೆ ಬಾಯೇ ಬರಲಿಲ್ಲೆ ಅತ್ತೆ’ ಎಂದ. ನಿದ್ದೆ ಬರುತ್ತಿಲ್ಲ ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಬೆಂಗಳೂರಿನಲ್ಲಾದರೆ ಬಾಗಿಲುಗಳಿವೆ. 1994ರಿಂದ ‘ಗುಡ್ ಆ್ಯಸ್ ಯು’ ಎಂಬ ಬಳಗ ಗುರುವಾರ ಗುರುವಾರ ಸೇರುತ್ತ ಬಂತು. ಒಬ್ಬರಿಗೊಬ್ಬರು ಕಿವಿಯಾಗುವುದೇ ಅದರ ಕೆಲಸ. ‘ಸ್ವಭಾವ’ ಸಂಸ್ಥೆ ‘ಸಹಾಯ’ ಹೆಸರಿನ ದೂರವಾಣಿ ನಡೆಸಿತು. 1999ರಲ್ಲಿ ‘ಸಂಗಮ’ ಹುಟ್ಟಿತು, ಮುಂದೆ ಅಕ್ಕೈ ಪದ್ಮಶಾಲಿ ಅವರ ‘ಒಂದೆಡೆ’ ಬಂತು. ಗುರುವಾರದ ಆ ಬಳಗ ಕಟ್ಟಡದಿಂದ ಶುರುವಾದದ್ದಲ್ಲ, ವಾರಕ್ಕೊಮ್ಮೆ ತಪ್ಪದೆ ಬರುವ ನಾಲ್ಕು ಜನರಿಂದ ಶುರುವಾದದ್ದು. ಆದರೆ ಶಿರಸಿಯಿಂದ ಅಲ್ಲಿಗೆ ಸುಮಾರು 400 ಕಿಲೋಮೀಟರು, ಇಡೀ ರಾತ್ರಿಯ ಬಸ್ಸು. ಮನಸ್ಸಿಗೆ ಕಷ್ಟವಾದಾಗಲೆಲ್ಲ ಅಷ್ಟು ದೂರ ಹೋಗಿ ಬರಲು ತೋಟ ಬಿಡುವುದಿಲ್ಲ, ಹಾಲು ಕರೆಯುವ ಎಮ್ಮೆ ಬಿಡುವುದಿಲ್ಲ.

ಅದಕ್ಕೇ ನಾನು ಸಿದ್ದಾಪುರ, ಶಿರಸಿ, ಯಲ್ಲಾಪುರ ಈ ಮೂರು ಊರುಗಳನ್ನು ಬಸ್ಸಿನಲ್ಲಿ ಸುತ್ತುತ್ತಿದ್ದೇನೆ. ಅಳಿಯನಂಥವರು ಕೂತು ಮಾತಾಡಲು ಒಂದು ಕೋಣೆ ಹುಡುಕುತ್ತಿದ್ದೇನೆ ಎಂದರೂ ಆದೀತು.

ಶಿರಸಿಯಲ್ಲಿ ಮಂಗಳವಾರ ದೇವಿಯ ವಾರ. ಮಾರಿಕಾಂಬೆಯ ಗುಡಿಯ ಮುಂದೆ ಹೂವಿನವರು, ಬಳೆಯವರು, ಮಡಿಲಲ್ಲಿ ಮಕ್ಕಳನ್ನು ಮಲಗಿಸಿಕೊಂಡು ಕೂತ ತಾಯಂದಿರು. ಮಂಗಳವಾರ ಶಿರಸಿಗೆ ಹೋಗುತ್ತೇನೆ ಎಂದರೆ ಯಾವ ಮನೆಯಲ್ಲೂ ಏಕೆ ಎಂದು ಕೇಳುವುದಿಲ್ಲ. ರಾಜ್ಯದಲ್ಲಿ 2014ರಲ್ಲಿ ಆರಂಭವಾದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ದಿನವಾಗಿ ಗೊತ್ತು ಮಾಡಿದ್ದೂ ಮಂಗಳವಾರವನ್ನೇ. ಈ ಕಾಕತಾಳೀಯ ನನಗೆ ದೇವಿಯೇ ಕೊಟ್ಟ ಸೌಕರ್ಯದಂತೆ ಕಾಣುತ್ತದೆ. ಕುಂಕುಮ ಹಚ್ಚಿಕೊಂಡು ಆಸ್ಪತ್ರೆಯ ಸಾಲಿಗೆ ಬರಬಹುದು, ಕೈಯಲ್ಲಿ ಪ್ರಸಾದದ ಪೊಟ್ಟಣ ಹಿಡಿದೇ ಮನೆಗೆ ಹೋಗಬಹುದು.

ಆ ಸಾಲು ನೋಡುತ್ತ ಕೂತಿದ್ದೆ. ನಿದ್ದೆ ಬಾರದವರು, ಕುಡಿತ ಬಿಡಿಸಲು ಗಂಡನನ್ನು ಕರೆತಂದವರು, ಮಾತೇ ಆಡದ ಮುದುಕ. ನಮ್ಮ ಹುಡುಗ ಹುಡುಗಿಯರು ಇಲ್ಲಿ ಯಾವ ಸಾಲಿನಲ್ಲಿ ನಿಲ್ಲಬೇಕು? ಅವರದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಪ್ರೀತಿಯನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ಸುಪ್ರೀಂ ಕೋರ್ಟು 6 ಸೆಪ್ಟೆಂಬರ್ 2018ರಂದು ಅದು ಅಪರಾಧವಲ್ಲ ಎಂದಿದೆ. ‘ಬದಲಾಯಿಸುತ್ತೇನೆ’ ಎಂದು ಚಿಕಿತ್ಸೆಗೆ ಇಳಿಯುವ ವೈದ್ಯರದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಆದರೂ ನೋವಿದೆ. ಕಾಯಿಲೆಯಿಲ್ಲದ ನೋವಿಗೆ ಚೀಟಿ ಬರೆಸುವುದು ಹೇಗೆ? ನಮ್ಮ ರಾಜ್ಯದಲ್ಲಿ ಇಂಥವರಿಗೆ ಸರ್ಕಾರದ ಬಾಗಿಲು ತೆರೆದದ್ದು ಹೆಚ್ಚಾಗಿ ಏಡ್ಸ್ ತಡೆಯುವ ಕೆಲಸದ ಮೂಲಕ. ಆ ಕೆಲಸ ಎಷ್ಟೋ ಜೀವ ಉಳಿಸಿದೆ. ಆದರೆ ರಕ್ತಪರೀಕ್ಷೆಯ ಕೋಣೆಯ ಎದುರಿನ ಬೆಂಚಿನ ಮೇಲೆ ಕೂತವನನ್ನು ಗುರುತಿನವರು ಕಂಡರೆ ಅವನು ಊರಿಗೆ ಮರಳುವುದರೊಳಗೆ ಸುದ್ದಿ ಮುಟ್ಟಿರುತ್ತದೆ. ಬರೀ ದುಃಖ ಇರುವವನಿಗೆ ಬರೀ ದುಃಖದ ಬಾಗಿಲೊಂದು ಬೇಕು.

ಯಲ್ಲಾಪುರದ ರಸ್ತೆ ಹಿಡಿದರೆ ಕಾನು ದಟ್ಟವಾಗುತ್ತದೆ. ಊರು ಮುಟ್ಟುವುದರೊಳಗೆ ಬಸ್ಸಿನೊಳಗಿನ ಭಾಷೆಯೂ ಬದಲಾಗಿರುತ್ತದೆ. ಗೌಳಿಗರ ಮರಾಠಿ, ಸಿದ್ದಿಗಳ ಕೊಂಕಣಿ, ಹವಿಗನ್ನಡ, ನಾಡವರ ಮಾತು ಒಂದೇ ಕಂಬಿ ಹಿಡಿದು ನಿಂತಿರುತ್ತವೆ. ಆಫ್ರಿಕದ ಮೂಲದ ಈ ಸಿದ್ದಿ ಜನ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ. ಮುಖ ಕಂಡ ಕೂಡಲೇ ‘ಎಲ್ಲಿಂದ ಬಂದಿರಿ’ ಎಂದು ಹೊರಗಿನವರಿಂದ ಕೇಳಿಸಿಕೊಂಡು ಬೆಳೆದ ಮಗುವಿಗೆ ಒಳಗಿನದೂ ಬೇರೆಯಾದರೆ ಅದರ ಭಾರ ಎಷ್ಟಿರಬೇಕು. ಕೇಳಲು ಕೂರುವವರಲ್ಲಿ ಒಬ್ಬರಿಗಾದರೂ ಅದರ ಮನೆಮಾತು ಬರಬೇಕು. ಅಳಿಯನ ‘ಬಾಯೇ ಬರಲಿಲ್ಲೆ’ ನನಗೆ ಕಲಿಸಿದ್ದು ಅದು. ಇನ್ನೂ ಒಂದು ತೊಡಕಿದೆ. ಸಲಿಂಗಿ, ಲಿಂಗತ್ವ ಅಲ್ಪಸಂಖ್ಯಾತರು ಎಂಬೆಲ್ಲ ಪದಗಳು ಪತ್ರಿಕೆಯಲ್ಲಿವೆ, ಅಡುಗೆಮನೆಯಲ್ಲಿಲ್ಲ. ಅಲ್ಲಿರುವುದು ‘ಅಂಥವ’, ‘ಹೆಣ್ಣಿಗ’. ಬೈಗುಳವಲ್ಲದ ಒಂದು ಮಾತನ್ನು ಆ ಕೋಣೆಯಲ್ಲಿ ಕೂತು ನಾವೇ ರೂಢಿಸಿಕೊಳ್ಳಬೇಕಾಗಿದೆ.

ಯಲ್ಲಾಪುರ ಪೇಟೆಯ ನಡುವೆ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ, ಲಾರಿಗಳ ಸಾಲು. ಗಂಡಾಗಿ ಹುಟ್ಟಿ ಒಳಗೆ ಹೆಣ್ಣಾಗಿರುವ ಮಗುವಿಗೆ ಮನೆ ಮುಚ್ಚಿದ ಮೇಲೆ ಇಲ್ಲಿಂದ ಕಾಣುವ ದಾರಿ ಹುಬ್ಬಳ್ಳಿಯ ಬಸ್ಸು. ಮುಂದಿನದು ಸಿಕ್ಕವರ ಕೈ. ಘಟ್ಟದ ಕೆಳಗೆ ಕಾರವಾರದಲ್ಲಿ ಜಿಲ್ಲಾಧಿಕಾರಿ ಕಚೇರಿಯಿದೆ. ಲಿಂಗತ್ವ ಅಲ್ಪಸಂಖ್ಯಾತರ 2019ರ ಕಾಯ್ದೆ, ಮರುವರ್ಷದ ನಿಯಮಗಳ ಪ್ರಕಾರ ಅಲ್ಲಿಂದಲೇ ಗುರುತಿನ ಪ್ರಮಾಣಪತ್ರ ಸಿಗುತ್ತದೆ, ಅರ್ಜಿಯನ್ನು ಕಂಪ್ಯೂಟರಿನಲ್ಲೇ ಹಾಕಬಹುದು. ರಾಜ್ಯ ಸರ್ಕಾರ 2021ರಲ್ಲಿ ನೇಮಕಾತಿಯಲ್ಲಿ ಶೇಕಡಾ 1ರ ಮೀಸಲಾತಿಯನ್ನೂ ಕೊಟ್ಟಿದೆ. ಜೋಗತಿ ಪರಂಪರೆಯಲ್ಲಿ ಬೆಳೆದ ಮಂಜಮ್ಮನಿಗೆ ಪದ್ಮಶ್ರೀ ಬಂದದ್ದೂ ಅದೇ ವರ್ಷ. ಸಿದ್ದಾಪುರದ ಗಡಿಯಾಚೆ ಚಂದ್ರಗುತ್ತಿಯ ಬೆಟ್ಟದಲ್ಲಿ ರೇಣುಕೆ ಇದ್ದಾಳೆ. ಎಲ್ಲಮ್ಮನಾದ ಆ ತಾಯಿಯ ಒಕ್ಕಲಲ್ಲಿ ಜೋಗಪ್ಪ, ಜೋಗತಿಯರಿಗೆ ಹಿಂದಿನಿಂದ ಜಾಗವಿದೆ. ದೇವರ ಹೆಸರಿಲ್ಲದೆಯೂ ಸಿಗಬೇಕಾದ ಜಾಗ ಅದು. ಆಪ್ತಸಮಾಲೋಚನೆ ಎಂದರೆ ಕಣ್ಣೀರು ಒರೆಸುವುದಷ್ಟೇ ಅಲ್ಲ, ಪಕ್ಕದಲ್ಲಿ ಕೂತು ಆ ಅರ್ಜಿ ತುಂಬಿಸುವುದೂ ಹೌದು.

ಅಪ್ಪ ಅಮ್ಮಂದಿರಿಗೂ ಆ ಕೋಣೆಯಲ್ಲೊಂದು ಕುರ್ಚಿ ಬೇಕು. 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರ ಮುಂದೆ ಮದುರೆಯಿಂದ ಓಡಿಬಂದ ಇಬ್ಬರು ಯುವತಿಯರ ಪ್ರಕರಣ ಬಂದಾಗ, ತನಗೆ ಈ ವಿಷಯ ಅರ್ಥವಾಗಿಲ್ಲ ಎಂದು ಒಪ್ಪಿಕೊಂಡು, ಅವರು ಮನಶ್ಶಾಸ್ತ್ರಜ್ಞೆಯ ಮುಂದೆ ಕೂತು ತಿಳಿದುಕೊಂಡು ಆಮೇಲೆ ಆದೇಶ ಬರೆದರು. ಈ ಸಂಗತಿಯನ್ನು ನನ್ನ ಅಣ್ಣನಿಗೆ ಹೇಳಿದೆ. ಅವನು ಬಹಳ ಹೊತ್ತು ಕವಳ ಜಗಿದ. ‘ಜಡ್ಜರೇ ಕಲ್ತಿದ್ರಾ?’ ಎಂದು ಕೇಳಿದ. ಮತ್ತೇನೂ ಕೇಳಲಿಲ್ಲ. ಆದರೆ ಆಮೇಲೆ ಜಾತಕದ ಮಾತು ಎತ್ತಿಲ್ಲ.

ಕೋಣೆಯ ಬಗ್ಗೆ ಅಳಿಯನೇ ಒಂದು ಉಪಾಯ ಹೇಳಿದ್ದಾನೆ. ಮೂರೂ ಊರಲ್ಲಿ ಒಂದೊಂದು ಜಾಗ. ಟೇಲರ್ ಅಂಗಡಿಯ ಮಹಡಿಯಾದರೂ ಸರಿ, ಕೆಳಗಿನ ಬಾಗಿಲಿಗೆ ನಾಲ್ಕು ಥರದ ಜನ ಹೋಗಿ ಬರುತ್ತಿರಬೇಕು. ಹೊರಗೆ ಬೋರ್ಡು ಬೇಡ. ಒಳಗೆ ಹೆಸರು ಕೇಳಬಾರದು, ಊರು ಕೇಳಬಾರದು. ಸಿದ್ದಾಪುರದವರು ಯಲ್ಲಾಪುರಕ್ಕೆ ಹೋಗಲಿ, ಯಲ್ಲಾಪುರದವರು ಶಿರಸಿಗೆ, ಶಿರಸಿಯವರು ಸಿದ್ದಾಪುರಕ್ಕೆ. ಬಸ್ಸಿನಲ್ಲಿ ಕೆಲವೇ ತಾಸಿನ ದಾರಿ, ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ. ಹತ್ತಿರವೂ ಹೌದು, ಗುರುತಿನವರಿಂದ ದೂರವೂ ಹೌದು.

ಕಳೆದ ಮಂಗಳವಾರ ಯಲ್ಲಾಪುರದಲ್ಲಿ ಒಂದು ಮಹಡಿ ನೋಡಲು ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಎದುರಿನ ಚಾದಂಗಡಿಯಲ್ಲಿ ಕೂತು ಕಾಯುತ್ತಿದ್ದೆ. ಶಿರಸಿಯ ಬಸ್ಸು ಬಂತು. ಅಳಿಯ ಇಳಿದ, ಅತ್ತಿತ್ತ ನೋಡಿದ, ನನ್ನನ್ನು ಕಂಡು ರಸ್ತೆ ದಾಟಿ ಬಂದ. ಅಂಗಡಿಯವನು ಚಾ ಸೋಸುತ್ತಲೇ ತಲೆಯೆತ್ತಿ ಅವನನ್ನು ಕೇಳಿದ.

‘ಯಾವೂರಾಯ್ತು? ಯಾರ ಪೈಕಿ?’

ಅಳಿಯ ಒಂದು ಕ್ಷಣ ನಿಂತ. ಆಮೇಲೆ ಬೆಂಚಿನ ಮೇಲೆ ನನ್ನ ಪಕ್ಕ ಕೂತು, ‘ಇವರ ಪೈಕಿ’ ಎಂದ.

ಅಂಗಡಿಯವನು ಇನ್ನೊಂದು ಲೋಟ ತೊಳೆದು ಇಟ್ಟ.